ಅವನು ಕಾಯುತ್ತಾನೆ, ನಾವೂ ಕಾಯಬೇಕು

ರಾಮಾನುಜ ಜಯಂತಿಯ ಸಂಜೆ ಮಂಡ್ಯದ ಒಂದು ರಾಮಮಂದಿರದಲ್ಲಿ ಆಡಿದ ಮಾತುಗಳಿವು. ಕೇಳಿದವರು ಬರೆದುಕೊಡಿ ಅಂದಿದ್ದಕ್ಕೆ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಮೇಲುಕೋಟೆ ಬೆಟ್ಟ ಹತ್ತದವರು ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ. ಮಂಡ್ಯದ ನಮಗೆ ಅಲ್ಲಿಗೆ ಹೋಗುವುದು ಅಂದರೆ ತವರಿಗೆ ಹೋಗಿಬಂದ ಹಾಗೆ. ಹೊಸ ಸೊಸೆ ಬಂದರೆ ಬೆಟ್ಟ, ಮಗುವಿಗೆ ಮುಡಿ ಕೊಡಬೇಕಾದರೆ ಬೆಟ್ಟ, ಕಬ್ಬಿನ ದುಡ್ಡು ಕೈಗೆ ಬಂದರೆ ಬೆಟ್ಟ. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ನರಸಿಂಹನ ಮುಂದೆ ನಿಂತಾಗ ನಮ್ಮೆಲ್ಲರ ಬಾಯಲ್ಲಿ ಬರುವುದು ಒಂದೇ ಮಾತು. ಕಾಪಾಡಪ್ಪ.

ಇವತ್ತು ನಾನು ಆ ಒಂದು ಮಾತಿನ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ನಮ್ಮ ಮೇಲೆ ನಾಲ್ಕು ಜನ ಎದ್ದು ನಿಂತಾಗ, ಇಲ್ಲದ್ದನ್ನು ಹೇಳಿ ಹೆಸರು ಕೆಡಿಸಿದಾಗ, ಊರೇ ಒಂದು ಕಡೆ ನಾವೇ ಒಂದು ಕಡೆ ಆದಾಗ, ಕಾಪಾಡಪ್ಪ ಅಂತೀವಲ್ಲ, ಆಗ ಏನನ್ನು ಕಾಪಾಡು ಅಂತ ಕೇಳುತ್ತಿರುತ್ತೇವೆ? ನಾನು ಸಂಸ್ಕೃತ ಓದಿದವನಲ್ಲ. ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ದೊಡ್ಡವರ ಬಾಯಿಂದ ಕೇಳಿದ್ದು, ನಾನೇ ಪಟ್ಟಿದ್ದು, ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ರಾಮಾನುಜರ ಕಥೆ. ಅವರು ಹುಟ್ಟಿದ್ದು 1017ರಲ್ಲಿ, ಶ್ರೀಪೆರುಂಬುದೂರಿನಲ್ಲಿ ಅಂತ ಸಂಪ್ರದಾಯ ಹೇಳುತ್ತದೆ. ಶ್ರೀರಂಗದಲ್ಲಿ ನೆಲೆ ನಿಂತು ರಂಗನಾಥನ ಗುಡಿಯ ವ್ಯವಸ್ಥೆಯನ್ನೆಲ್ಲ ಒಂದು ಕ್ರಮಕ್ಕೆ ತಂದರು. ಸಾವಿರಾರು ಶಿಷ್ಯರು, ದೊಡ್ಡ ಹೆಸರು. ಆಗ ಚೋಳ ರಾಜನೊಬ್ಬ ಅವರ ಮೇಲೆ ತಿರುಗಿಬಿದ್ದ. ಗುರುಪರಂಪರೆಯ ಕಥೆಗಳು ಅವನನ್ನು ಕ್ರಿಮಿಕಂಠ ಅಂತ ಕರೆಯುತ್ತವೆ. ಶಿವನಿಗಿಂತ ಮಿಗಿಲಾದದ್ದು ಇಲ್ಲ ಅಂತ ಬರೆದು, ಕೆಳಗೆ ಎಲ್ಲರೂ ಸಹಿ ಹಾಕಬೇಕು ಅನ್ನುವುದು ಅವನ ಅಪ್ಪಣೆ. ಸಹಿ ಹಾಕಿದವರು ಉಳಿದರು. ರಾಮಾನುಜರನ್ನು ಕರೆತರಲು ಸೈನಿಕರು ಬಂದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ದಯವಿಟ್ಟು ಇದನ್ನು ಶಿವ ವಿಷ್ಣು ಜಗಳದ ಕಥೆ ಅಂತ ತಿಳಿಯಬೇಡಿ. ನಮ್ಮ ಮನೆದೇವರು ಮೇಲುಕೋಟೆ ನರಸಿಂಹ. ನಮ್ಮ ಅವ್ವ ಪ್ರತಿ ವರ್ಷ ಮಾದಪ್ಪನ ಬೆಟ್ಟಕ್ಕೂ ಹೋಗುತ್ತಿದ್ದಳು. ಇಬ್ಬರಲ್ಲಿ ಯಾರು ದೊಡ್ಡವರು ಅಂತ ಅವಳು ಒಂದು ದಿನವೂ ಕೇಳಿದವಳಲ್ಲ. ಈ ಕಥೆಯಲ್ಲಿ ಎದುರಾಳಿ ಶಿವನಲ್ಲ. ಬಲವಂತದ ಸಹಿ.

ಸೈನಿಕರು ಬಂದಾಗ ರಾಮಾನುಜರು ಸ್ನಾನಕ್ಕೆ ಹೋಗಿದ್ದರಂತೆ. ಅವರ ಶಿಷ್ಯ ಕೂರೇಶರು ಗುರುವಿನ ಕಾವಿ ಉಟ್ಟು, ತ್ರಿದಂಡ ಹಿಡಿದು, ನಾನೇ ರಾಮಾನುಜ ಅಂತ ಸೈನಿಕರ ಜೊತೆ ಹೊರಟುಬಿಟ್ಟರು. ವಯಸ್ಸಾದ ಮಹಾಪೂರ್ಣರೂ ಅವರ ಜೊತೆ ಹೋದರು. ಮಹಾಪೂರ್ಣರು ಅಂದರೆ ರಾಮಾನುಜರಿಗೇ ಗುರು. ಇತ್ತ ರಾಮಾನುಜರು ಕೂರೇಶರ ಬಿಳಿ ಬಟ್ಟೆ ಉಟ್ಟು, ಕೆಲವು ಶಿಷ್ಯರ ಜೊತೆ ಪಶ್ಚಿಮದ ಕಡೆ ಕಾಡು ಹಿಡಿದರು.

ಚಿಕ್ಕವನಿದ್ದಾಗ ಈ ಕಥೆ ಕೇಳಿ ನನಗೆ ಬೇಜಾರಾಗುತ್ತಿತ್ತು. ಅಷ್ಟು ದೊಡ್ಡ ಆಚಾರ್ಯರು ಯಾಕೆ ಓಡಬೇಕಿತ್ತು? ರಂಗನಾಥ ಕಾಪಾಡುತ್ತಾನೆ ಅಂತ ಅಲ್ಲೇ ಕೂರಬಹುದಿತ್ತಲ್ವಾ? ಈಗ ಹಾಗೆ ಅನ್ನಿಸುವುದಿಲ್ಲ. ನೀವೇ ನೋಡಿ, ವೈರಮುಡಿ ದಿನ ಏನಾಗುತ್ತದೆ? ಚೆಲುವನಾರಾಯಣನ ಕಿರೀಟ ಇರುವುದು ಇದೇ ಮಂಡ್ಯದ ಖಜಾನೆಯಲ್ಲಿ. ಪೂಜೆ ಮಾಡಿ, ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ತೆಗೆದುಕೊಂಡು ಹೋಗುತ್ತಾರೆ. ದಾರಿಯ ಊರುಗಳಲ್ಲಿ ಜನ ನಿಂತು ಕೈ ಮುಗಿಯುತ್ತಾರೆ. ದೇವರ ಕಿರೀಟಕ್ಕೆ ಯಾಕೆ ಪೊಲೀಸು ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಅವನಿಗೆ ಹೇಳಿದೆ, ಕಾವಲು ಹಾಕುವುದು ನಂಬಿಕೆ ಇಲ್ಲದ್ದಕ್ಕಲ್ಲ ಕಣಪ್ಪ, ಅದರ ಮೇಲೆ ಪ್ರೀತಿ ಇರುವುದಕ್ಕೆ. ನಮಗೆ ಒಪ್ಪಿಸಿದ ಒಡವೆಯನ್ನು ನಾವು ಜೋಪಾನ ಮಾಡಬೇಕು. ರಾಮಾನುಜರಿಗೆ ಒಪ್ಪಿಸಿದ್ದ ಕೆಲಸ ಇನ್ನೂ ಬಾಕಿ ಇತ್ತು. ಅದಕ್ಕೆ ಹೊರಟರು.

ಹೊರಟ ದಾರಿ ಸುಲಭದ್ದಲ್ಲ. ಕಾಡಿನಲ್ಲಿ ಹಸಿದು ಬಳಲಿದಾಗ ಬೇಡರು ಜೇನು, ನವಣೆ ಕೊಟ್ಟು ಉಪಚರಿಸಿದರು ಅಂತ ಕಥೆ ಇದೆ. ಅಲ್ಲಿಂದ ಇಂದಿನ ಮೈಸೂರು ಜಿಲ್ಲೆಯ ಸಾಲಿಗ್ರಾಮಕ್ಕೆ ಬಂದರು. ಅವರ ಪಾದತೀರ್ಥದ ಕೊಳವನ್ನು ಇವತ್ತಿಗೂ ಅಲ್ಲಿ ತೋರಿಸುತ್ತಾರೆ. ಆಮೇಲೆ ತೊಣ್ಣೂರು, ಹೊಯ್ಸಳ ವಿಷ್ಣುವರ್ಧನನ ಆಸರೆ. ಕೊನೆಗೆ ಮೇಲುಕೋಟೆ. ಸುಮಾರು 12 ವರ್ಷ ಇಲ್ಲಿದ್ದರು ಅನ್ನುತ್ತಾರೆ. ಯೋಚಿಸಿ, ಆ ರಾಜ ಹಾಗೆ ಅಟ್ಟದೇ ಇದ್ದಿದ್ದರೆ ನಮ್ಮ ಮೇಲುಕೋಟೆಗೆ ರಾಮಾನುಜರು ಬರುತ್ತಿದ್ದರಾ? ಗೊತ್ತಿಲ್ಲದ ಕಾಡಿನಲ್ಲಿ ನಡೆಯುವಾಗ ಅವರಿಗೆ ಈ ಚೆಲುವನಾರಾಯಣ ಕಂಡಿರಲಿಲ್ಲ. ಹಿಂದೆ ಬಿಟ್ಟುಬಂದ ರಂಗನಾಥ ಮಾತ್ರ ಕಣ್ಣ ಮುಂದೆ ಇದ್ದಿರಬೇಕು.

ಇಷ್ಟಕ್ಕೇ ಕಥೆ ಮುಗಿಸಿದರೆ ಚೆನ್ನಾಗಿರುತ್ತದೆ. ನಂಬಿದರು, ಹೊರಟರು, ಒಳ್ಳೆಯದಾಯಿತು. ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ ಕೂಡ. ಆದರೆ ಅತ್ತ ಹೋದ ಕೂರೇಶರು ಏನಾದರು?

ಅವರನ್ನು ರಾಜನ ಮುಂದೆ ನಿಲ್ಲಿಸಿದರು. ಓಲೆ ಮುಂದಿಟ್ಟರು. ಶಿವಾತ್ ಪರತರಂ ನಾಸ್ತಿ, ಸಹಿ ಹಾಕು ಅಂದರು. ಶಿವ ಅನ್ನುವುದು ಆ ಕಾಲದ ಒಂದು ಅಳತೆಯ ಹೆಸರೂ ಆಗಿತ್ತಂತೆ. ಕೂರೇಶರು ಓಲೆ ಬರೆಯುವ ಕಂಟ ತೆಗೆದುಕೊಂಡು ಅದರ ಕೆಳಗೆ ಬರೆದರು, ದ್ರೋಣಮಸ್ತಿ ತತಃ ಪರಮ್. ಅಂದರೆ, ಅದಕ್ಕಿಂತ ದೊಡ್ಡದು ದ್ರೋಣ ಇದೆ. ನಮ್ಮ ಕಡೆ ಸೇರಿಗಿಂತ ಕೊಳಗ ದೊಡ್ಡದು ಅಂದ ಹಾಗೆ. ಬಲವಂತಕ್ಕೆ ಅವರು ಕೊಟ್ಟ ಉತ್ತರ ಅದು. ರಾಜ ಉರಿದುಬಿದ್ದ. ಇಬ್ಬರ ಕಣ್ಣೂ ಹೋದವು. ಮಹಾಪೂರ್ಣರು ಆ ನೋವು ತಾಳಲಾರದೆ, ವಾಪಸ್ ಬರುವ ದಾರಿಯಲ್ಲೇ ಪ್ರಾಣ ಬಿಟ್ಟರು. ಕೂರೇಶರು ಕುರುಡಾಗಿ ಶ್ರೀರಂಗಕ್ಕೆ ಮರಳಿದರು.

ಅಲ್ಲಿ ಇನ್ನೂ ಒಂದು ಏಟು ಕಾದಿತ್ತು. ರಾಮಾನುಜರ ಸಂಬಂಧ ಇದ್ದವರನ್ನು ಗುಡಿಯೊಳಗೆ ಬಿಡಬಾರದು ಅಂತ ರಾಜಾಜ್ಞೆ. ಬಾಗಿಲಲ್ಲಿ ತಡೆದರು. ಕಾವಲಿನವರಲ್ಲಿ ಒಬ್ಬ, ಇವರು ತುಂಬ ಒಳ್ಳೆಯವರು, ಇವರನ್ನು ಬಿಡಬಹುದು ಅಂದ. ಕೂರೇಶರು ಒಳಗೆ ಹೋಗಲಿಲ್ಲ. ನನ್ನ ಒಳ್ಳೆಯತನ ನೋಡಿ ನನ್ನೊಬ್ಬನನ್ನು ಬಿಡುವುದಾದರೆ, ಗುರುವಿನ ಸಂಬಂಧ ಬಿಟ್ಟು ಸಿಗುವ ದರ್ಶನ ನನಗೆ ಬೇಡ ಅಂತ ತಿರುಗಿ ಹೊರಟರು. ಕಣ್ಣಿಲ್ಲದ ಮನುಷ್ಯ, ತನ್ನ ದೇವರ ಬಾಗಿಲಲ್ಲಿ ನಿಂತು, ತಾನಾಗಿ ತಿರುಗಿ ಹೊರಟದ್ದನ್ನು ನೆನೆಸಿಕೊಂಡರೆ ನನಗೆ ಗಂಟಲು ಕಟ್ಟುತ್ತದೆ.

ಈಗ ಹೇಳಿ. ಭಗವಂತ ಕೂರೇಶರನ್ನು ಕಾಪಾಡಿದನಾ, ಇಲ್ಲವಾ?

ಉತ್ತರ ಹೇಳುವ ಮೊದಲು ಒಂದು ಚಿಕ್ಕ ವಿಷಯ. ಶರಣಾಗತಿಗೆ ಆರು ಅಂಗ ಅಂತ ಶ್ರೀವೈಷ್ಣವ ಹಿರಿಯರು ಹೇಳುತ್ತಾರೆ. ಆರನ್ನೂ ಬಿಡಿಸಿ ಹೇಳಲು ಹೋಗುವುದಿಲ್ಲ, ಎರಡು ಸಾಕು. ಒಂದು, ರಕ್ಷಿಷ್ಯತೀತಿ ವಿಶ್ವಾಸಃ. ಕಾಯುತ್ತಾನೆ ಅನ್ನುವ ವಿಶ್ವಾಸ. ರಕ್ಷಿಷ್ಯತಿ ಅನ್ನುವುದು ಭವಿಷ್ಯತ್ ಕಾಲ ಅಂತ ಒಬ್ಬ ಮೇಷ್ಟ್ರು ನನಗೆ ಬಿಡಿಸಿ ಹೇಳಿದರು. ಕಾದ ಅಂತಲ್ಲ, ಮುಂದೆ ಕಾಯುವನು. ಅಂದರೆ ವಿಶ್ವಾಸದ ಜಾಗ ಇರುವುದು ಇನ್ನೂ ಏನೂ ಆಗಿಲ್ಲದ ಹೊತ್ತಿನಲ್ಲಿ. ನಮ್ಮ ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿದೆ. ಕಾಯುವುದು ಅಂದರೆ ರಕ್ಷಿಸುವುದು. ಕಾಯುವುದು ಅಂದರೆ ದಾರಿ ನೋಡುವುದೂ ಹೌದು. ರಾತ್ರಿ ಹೊಲಕ್ಕೆ ಹೋದವನು ಹಂದಿಯಿಂದ ಬೆಳೆಯನ್ನೂ ಕಾಯುತ್ತಾನೆ, ಬೆಳಗಾಗುವುದನ್ನೂ ಕಾಯುತ್ತಾನೆ. ಅವನು ನಮ್ಮನ್ನು ಕಾಯುತ್ತಾನೆ, ನಾವು ಅವನಿಗೆ ಕಾಯುತ್ತೇವೆ. ಎರಡಕ್ಕೂ ಒಂದೇ ಮಾತು.

ಇನ್ನೊಂದು ಅಂಗ, ಪ್ರಾತಿಕೂಲ್ಯಸ್ಯ ವರ್ಜನಮ್. ಅವನಿಗೆ ಒಪ್ಪದ್ದನ್ನು ಬಿಡುವುದು. ಅವನ ಜೀವಿಗಳಿಗೆ ಕೇಡು ಬಯಸುವುದೂ ಅದರಲ್ಲಿ ಸೇರಿತು. ಇದೇ ನನಗೆ ಗಟ್ಟಿಯಾಗಿ ಹಿಡಿಸಿದ್ದು. ಪ್ರತಿಕೂಲ ನಮ್ಮ ಮೇಲೆ ಬಂದಾಗ, ನಮ್ಮೊಳಗಿನ ಪ್ರತಿಕೂಲವನ್ನು ಬಿಡು ಅನ್ನುತ್ತದೆ ಶರಣಾಗತಿ. ಹೇಳುವುದು ಸುಲಭ. ನನಗೆ ಅದು ಹೇಗೆ ತಿಳಿಯಿತು ಅಂತ ಹೇಳುತ್ತೇನೆ.

ಸುಮಾರು 20 ವರ್ಷದ ಹಿಂದಿನ ಮಾತು. ಡೈರಿ ಅಂದರೆ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಆರಕ್ಕೆ ಕ್ಯಾನು, ಬಿಂದಿಗೆ ಹಿಡಿದು ಸಾಲು ನಿಲ್ಲುತ್ತಾರೆ. ಒಂದು ದಿನ ಊರಿನ ದೊಡ್ಡ ಮನೆಯ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟೆ. ಅದು ನಿಲ್ಲಲಿಲ್ಲ, ಸರ್ರನೆ ಕೆಳಗಿಳಿಯಿತು. ನೀರು ಬೆರೆತ ಹಾಲು ತೆಳುವಾಗಿರುತ್ತದೆ, ಗಾಜಿನ ಬುರುಡೆ ಜಾಸ್ತಿ ಮುಳುಗುತ್ತದೆ. ವಾಪಸ್ ಕಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಅದೇ ಆಯಿತು. ಮತ್ತೆ ವಾಪಸ್. ಸಂಜೆ ಒಬ್ಬರು ಮನೆಗೆ ಬಂದು ಕಾಫಿ ಕುಡಿಯುತ್ತಾ ಅಂದರು, "ಅಷ್ಟೊಂದ್ ನೋಡಕ್ ಹೋಗ್ಬ್ಯಾಡ ಕಣಯ್ಯ. ಬುಕ್ಕಲ್ಲಿ 28 ಅಂತ ಬರ್ದ್ಬುಡು. ಯಾರ್ಗ್ ಗೊತ್ತಾಯ್ತದೆ?" 28 ಅಂದರೆ ನೀರು ಬೆರೆಸದ ಹಾಲಿಗೆ ಲ್ಯಾಕ್ಟೋಮೀಟರ್ ತೋರಿಸುವ ಅಂಕಿ. ಬರೆಯಲಾರೆ ಅಂದೆ. ನಾನು ಬರೆದದ್ದು ನಾಳೆ ಎಲ್ಲರ ಹಾಲಿಗೂ ಬೆಲೆ ಕಟ್ಟುತ್ತದೆ. ಒಬ್ಬರ ನೀರಿಗೆ ಇಡೀ ಊರು ದುಡ್ಡು ಕೊಡಬೇಕಾಗುತ್ತದೆ.

ಹದಿನೈದು ದಿನದೊಳಗೆ ನನ್ನ ಮೇಲೆ ಮೂಕರ್ಜಿ ಹೋಯಿತು. ಬಟವಾಡೆ ದುಡ್ಡಿನಲ್ಲಿ ತಿಂದಿದ್ದಾನೆ ಅಂತ. ನನ್ನನ್ನು ಅಮಾನತು ಮಾಡಿದರು. ಟೀ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ನಾಲೆ ನೀರು ನನ್ನ ಸರದಿಯಲ್ಲಿ ನಡುರಾತ್ರಿ ಬೇರೆ ಗದ್ದೆಗೆ ತಿರುಗುತ್ತಿತ್ತು. ಜೊತೆಯಲ್ಲೇ ಬೆಳೆದ ಗೆಳೆಯ ಎದುರಿಗೆ ಬಂದವನು ಬೇಲಿ ಕಡೆ ಮುಖ ಮಾಡಿಕೊಂಡು ಹೋದ. ಅದೊಂದು ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವ್ವ ಕತ್ತಲಲ್ಲೇ ಹೇಳಿದಳು, "ಅಪ್ಪ ಅವ್ನೆ ಕಣ್ ಮಗ. ನೀನು ಮೊದ್ಲು ಲೆಕ್ಕದ್ ಬುಕ್ಕು ಜ್ವಾಪಾನವಾಗ್ ಮಡಗು." ಅಪ್ಪ ಅಂದರೆ ಬೆಟ್ಟದ ನರಸಿಂಹ. ಓದು ಬರಹ ಇಲ್ಲದ ಹೆಂಗಸು. ದೇವರನ್ನೂ ಲೆಕ್ಕದ ಬುಕ್ಕನ್ನೂ ಒಂದೇ ಉಸಿರಲ್ಲಿ ಹೇಳಿದಳು. ರಾಮಾನುಜರು ಯಾಕೆ ಬಿಳಿ ಬಟ್ಟೆ ಉಟ್ಟು ಹೊರಟರು ಅನ್ನುವುದಕ್ಕೆ ನನಗೆ ಅವತ್ತು ಉತ್ತರ ಸಿಕ್ಕಿತು. ಎದ್ದು ದೀಪ ಹಾಕಿದೆ. ಬುಕ್ಕುಗಳನ್ನು ವರ್ಷದ ಪ್ರಕಾರ ಜೋಡಿಸಿ, ಪಂಚೆಯಲ್ಲಿ ಸುತ್ತಿ, ಟ್ರಂಕಿಗೆ ಹಾಕಿ ಬೀಗ ಹಾಕಿದೆ. ಆಮೇಲೆ ನಿದ್ದೆ ಬಂತು.

ಆ ಶನಿವಾರ ಅವ್ವನನ್ನು ಕರೆದುಕೊಂಡು ಬೆಟ್ಟಕ್ಕೆ ಹೋದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅವಳಿಗೆ ಮಂಡಿ ನೋವು. ಹತ್ತು ಮೆಟ್ಟಿಲು ಹತ್ತುವುದು, ಕೂರುವುದು, ಗೋವಿಂದಾ ಅನ್ನುವುದು, ಮತ್ತೆ ಏಳುವುದು. ಕೆಳಗೆ ಕಲ್ಯಾಣಿಯ ನೀರು ಬೂದು ಬಣ್ಣಕ್ಕೆ ತಿರುಗುತ್ತಿತ್ತು. ನಾನು ಮನಸ್ಸಿನಲ್ಲಿ ಒಂದು ಪಟ್ಟಿ ಇಟ್ಟುಕೊಂಡು ಹತ್ತುತ್ತಿದ್ದೆ. ಇವನಿಗೆ ಹೀಗಾಗಲಿ, ಅವನಿಗೆ ಹಾಗಾಗಲಿ, ಅವರ ಮನೆ ಹಾಳಾಗಲಿ. ಹಿರಣ್ಯಕಶಿಪುವನ್ನು ಸೀಳಿದ ದೇವರ ಹತ್ತಿರ ಬೇರೆ ಏನು ಕೇಳುವುದು ಅಂದುಕೊಂಡಿದ್ದೆ.

ಒಳಗೆ ಹೋಗಿ ನಿಂತೆ. ನೀವು ನೋಡಿದ್ದೀರಿ. ಅಲ್ಲಿರುವವನು ಸೀಳುವ ನರಸಿಂಹ ಅಲ್ಲ. ಮಂಡಿಗೆ ಯೋಗಪಟ್ಟಿ ಕಟ್ಟಿಕೊಂಡು ಸುಮ್ಮನೆ ಕೂತಿದ್ದಾನೆ. ಸಿಟ್ಟೆಲ್ಲ ಇಳಿದು ಕೂತಿದ್ದಾನೆ. ಅಷ್ಟು ವರ್ಷ ನೋಡಿದ್ದೆ, ಅವತ್ತೇ ಕಂಡದ್ದು. ನನ್ನ ಪಟ್ಟಿ ಬಾಯಿಗೆ ಬರಲಿಲ್ಲ. ಆರತಿಯ ಬೆಳಕು ಅವನ ಮುಖದ ಮೇಲೆ ಹೋಗಿ ಬಂತು. ಪಕ್ಕದಲ್ಲಿ ಅವ್ವ, "ಎಲ್ಲಾರ್ನೂ ಚೆಂದಾಗ್ ಮಡಗಪ್ಪ" ಅಂದಳು. ಎಲ್ಲಾರ್ನೂ ಅಂದಳು. ನಾನು ಕಾಪಾಡಪ್ಪ ಅಂದೆ. ನನ್ನ ಕೈಯಲ್ಲಿ ಸುಳ್ಳು ಬರೆಸಬೇಡ, ನನ್ನ ಮನಸ್ಸು ಅವರ ಹಾಗೆ ಆಗಲು ಬಿಡಬೇಡ ಅಂತ ಅಷ್ಟೇ ಕೇಳಿದೆ.

ಕೂರೇಶರ ವಿಷಯದಲ್ಲಿ ನಿಮ್ಮನ್ನು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಅಲ್ಲಿ ಸಿಕ್ಕಿತು. ಹೌದು, ಕಾಪಾಡಿದ. ಕಣ್ಣನ್ನಲ್ಲ. ಸಹಿಯನ್ನು ಕಾಪಾಡಿದ. ಅವರ ಕೈ ಅವರ ಕೈಯಾಗಿಯೇ ಉಳಿಯಿತು. ಇದು ಸಮಾಧಾನಕ್ಕೆ ಹೇಳುವ ಮಾತು ಅಂತ ಕೆಲವರಿಗೆ ಅನ್ನಿಸಬಹುದು. ಕಣ್ಣು ಹೋದದ್ದು ಸಣ್ಣ ನಷ್ಟ ಅಂತ ನಾನು ಹೇಳುತ್ತಿಲ್ಲ. ಅದು ಘೋರ. ಗೀತೆಯ ಕೊನೆಯ ಅಧ್ಯಾಯದಲ್ಲಿ, ನನ್ನೊಬ್ಬನನ್ನೇ ಶರಣು ಹೋಗು ಅಂದಮೇಲೆ ಕೃಷ್ಣ ಹೇಳುವುದು ಮಾ ಶುಚಃ ಅಂತ. ದುಃಖಿಸಬೇಡ. ನಿನಗೆ ಏಟು ಬೀಳುವುದಿಲ್ಲ ಅಂತ ಹೇಳಲಿಲ್ಲ. ಅರ್ಜುನ ಆಮೇಲೆ ಯುದ್ಧ ಮಾಡಿದ, ಮಗನನ್ನೂ ಕಳೆದುಕೊಂಡ.

ವಿಚಾರಣೆ ಎಂಟು ತಿಂಗಳು ನಡೆಯಿತು. ಎರಡು ಹಸು ಮಾರಿದೆ. ಅಧಿಕಾರಿ ಊರಿಗೆ ಬಂದ ದಿನ ಸಾಕ್ಷಿ ಹೇಳಲು ಯಾರೂ ಎದ್ದು ನಿಲ್ಲಲಿಲ್ಲ. ಆಗ ದಿನಕ್ಕೆ ಅರ್ಧ ಲೀಟರ್ ಹಾಲು ಹಾಕುವ ಒಬ್ಬ ಅಜ್ಜಿ, ಕೇರಿಯ ತುದಿಯಲ್ಲಿ ಒಂಟಿಯಾಗಿದ್ದವರು, ಸೆರಗಿನ ಗಂಟು ಬಿಚ್ಚಿ ಪಾಸ್‌ಬುಕ್ ತೆಗೆದರು. ಎಣ್ಣೆ ಕಲೆ ಆಗಿತ್ತು, ಮೂಲೆ ಇಲಿ ಕಡಿದಿತ್ತು. "ಸ್ವಾಮಿ, ನಂದ್ ಬುಕ್ ನೋಡಿ. ಒಂದ್ ರೂಪಾಯಿ ಎಚ್ಚುಕಮ್ಮಿ ಇದ್ರೆ ಹೇಳಿ" ಅಂದರು. ಅಧಿಕಾರಿ ನನ್ನ ಲೆಕ್ಕದ ಬುಕ್ ಜೊತೆ ತಾಳೆ ನೋಡಿದರು. ಸರಿಯಾಗಿತ್ತು. ಆಮೇಲೆ ಹಿಂದಿನ ಸಾಲಿನಿಂದ ಇನ್ನೊಂದು ಪಾಸ್‌ಬುಕ್ ಬಂತು. ಮತ್ತೊಂದು. ಸಂಜೆ ಹೊತ್ತಿಗೆ ಮೇಜಿನ ಮೇಲೆ ಒಂದು ರಾಶಿ.

ಮೇಲುಕೋಟೆಯಲ್ಲಿ ಇಂಥದ್ದೇ ಒಂದು ಕಥೆ ಇದೆ. ಚೆಲುವಪಿಳ್ಳೆಯ ಉತ್ಸವಮೂರ್ತಿಯನ್ನು ದೆಹಲಿಯಿಂದ ತರುವಾಗ ದಾರಿಯಲ್ಲಿ ಕಳ್ಳರು ಬಿದ್ದರಂತೆ. ಆಗ ಮೂರ್ತಿಯನ್ನು ಕಾಪಾಡಿದವರು ಊರು ಮುಟ್ಟಿಸಿಕೊಳ್ಳದ ಜನ. ರಾಮಾನುಜರು ಅವರನ್ನು ತಿರುಕುಲತ್ತಾರ್ ಅಂತ ಕರೆದರು. ಅಂದರೆ ಲಕ್ಷ್ಮಿಯ ಕುಲದವರು. ಉತ್ಸವದಲ್ಲಿ ಅವರಿಗೆ ಗುಡಿಯೊಳಗೆ ಹಕ್ಕು ಕೊಟ್ಟರು ಅಂತ ಪರಂಪರೆ ಹೇಳುತ್ತದೆ. ವರ್ಷದಲ್ಲಿ ಕೆಲವೇ ದಿನ ಯಾಕೆ ಅಂತ ನಾವು ಇವತ್ತು ಕೇಳಬೇಕು, ಕೇಳುವುದು ಸರಿ. ಆದರೆ ಒಂದು ಗಮನಿಸಿ. ದೇವರ ಮೂರ್ತಿಗೇ ಆಪತ್ತು ಬಂದಾಗ ಅವನು ಆರಿಸಿಕೊಂಡದ್ದು ಯಾರ ಕೈಯನ್ನು? ಕಾಪಾಡು ಅಂತ ಮೇಲೆ ನೋಡುತ್ತಾ ನಿಂತವರಿಗೆ ಪಕ್ಕದಲ್ಲಿ ಸೆರಗಿನ ಗಂಟು ಬಿಚ್ಚುತ್ತಿರುವವರು ಕಾಣುವುದಿಲ್ಲ. ನನಗೂ ಅಲ್ಲಿಯವರೆಗೆ ಆ ಅಜ್ಜಿ ಕಂಡಿರಲಿಲ್ಲ. ಅರ್ಧ ಲೀಟರ್ ಅಂತ ಬುಕ್ಕಿನಲ್ಲಿ ಮಾತ್ರ ಇದ್ದರು.

ಕೂರೇಶರ ಕಥೆಯ ಕೊನೆ ಹೇಳುತ್ತೇನೆ. ರಾಜ ಸತ್ತ ಮೇಲೆ ರಾಮಾನುಜರು ಶ್ರೀರಂಗಕ್ಕೆ ಮರಳಿದರು. ಮೇಲುಕೋಟೆಯವರು ಅತ್ತರಂತೆ. ಅವರಿಗಾಗಿ ತಮ್ಮದೇ ಒಂದು ವಿಗ್ರಹ ಬಿಟ್ಟು ಹೋದರು, ಅದು ಇಂದಿಗೂ ಗುಡಿಯಲ್ಲಿದೆ. ಶ್ರೀರಂಗದಲ್ಲಿ ಶಿಷ್ಯನ ಖಾಲಿ ಕಣ್ಣು ನೋಡಿ ಗುರು ಕರಗಿಹೋದರು. ಕಂಚಿಯ ವರದರಾಜ ಕೇಳಿದ್ದು ಕೊಡುವವನು, ಅವನನ್ನು ಸ್ತುತಿಸಿ ಕಣ್ಣು ಕೇಳು ಅಂದರು. ಕೂರೇಶರು ವರದರಾಜಸ್ತವ ಹಾಡಿದರು. ಏನು ಬೇಕು ಅಂದ ವರದ. ನಾಲೂರಾನ್ ಅಂತ ಒಬ್ಬನಿದ್ದ. ರಾಜನ ಕಿವಿ ಊದಿ ಇವರ ಕಣ್ಣು ಹೋಗಲು ಕಾರಣನಾದವನು. ನನಗೆ ಸಿಗುವ ಗತಿ ಅವನಿಗೂ ಸಿಗಲಿ ಅಂತ ಕೇಳಿಬಿಟ್ಟರು ಕೂರೇಶರು. ಕಣ್ಣು ಕೇಳಲಿಲ್ಲ.

ಪ್ರಹ್ಲಾದ ಮಾಡಿದ್ದೂ ಇದನ್ನೇ. ಬೆಂಕಿಗೆ ಹಾಕಿದ, ವಿಷ ಕೊಟ್ಟ ಅಪ್ಪ ಸತ್ತು ಬಿದ್ದಿದ್ದಾನೆ. ವರ ಕೇಳು ಅಂದ ನರಸಿಂಹನ ಹತ್ತಿರ ಆ ಹುಡುಗ ಕೇಳಿದ್ದು, ನಮ್ಮಪ್ಪ ಪಾಪದಿಂದ ಬಿಡುಗಡೆ ಆಗಲಿ ಅಂತ. ಆಗಲೇ ಆಗಿದೆ ಮಗು, ಹಿಂದಿನ 21 ತಲೆಮಾರೂ ಸೇರಿ ಅಂದ ನರಸಿಂಹ. ಭಾಗವತದ ಏಳನೇ ಸ್ಕಂಧದಲ್ಲಿ ಇದೆ.

ನನ್ನ ಮೇಲಿನ ಆರೋಪ ಬಿದ್ದುಹೋಯಿತು, ಕೆಲಸ ವಾಪಸ್ ಬಂತು. ಬೇಲಿ ಕಡೆ ಮುಖ ತಿರುಗಿಸಿದ ಗೆಳೆಯ ಮತ್ತೆ ಗೆಳೆಯನಾಗಲಿಲ್ಲ. ಹಸುಗಳೂ ಬರಲಿಲ್ಲ. ಅವ್ವ ಮೂರು ವರ್ಷ ಆದಮೇಲೆ ಹೋದಳು.

ಅವಳ ತಿಥಿ ಕಳೆದ ಕೆಲವು ದಿನಕ್ಕೆ, ಬೆಳಿಗ್ಗೆ ಸಾಲಿನಲ್ಲಿ ಒಬ್ಬ ಹುಡುಗ ನಿಂತಿದ್ದ. ಆ ದೊಡ್ಡ ಮನೆಯ ಮೊಮ್ಮಗ. ಎಂಟೊಂಬತ್ತು ವರ್ಷ ಇರಬೇಕು. ಅವರ ಮನೆಯಿಂದ ಅಷ್ಟು ವರ್ಷ ನಮ್ಮ ಡೈರಿಗೆ ಹಾಲು ಬಂದಿರಲಿಲ್ಲ. ತಾತ ಮಲಗಿದ ಕಡೆ ಆಗಿದ್ದಾರೆ ಅಂತ ಕೇಳಿದ್ದೆ. ಹುಡುಗ ಎರಡೂ ಕೈಯಲ್ಲಿ ಬಿಂದಿಗೆ ಎತ್ತಿ ಕಟ್ಟೆ ಮೇಲಿಟ್ಟ. ಸುತ್ತ ಇದ್ದವರೆಲ್ಲ ಸುಮ್ಮನಾದರು. ನನ್ನ ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳುವುದಿಲ್ಲ. ಹಾಲು ತೆಗೆದು ಲ್ಯಾಕ್ಟೋಮೀಟರ್ ಬಿಟ್ಟೆ. ಅದು ಒಂದು ಸಲ ಕೆಳಗೆ ಹೋಗಿ, ಮೇಲೆ ಬಂದು, ಅಲುಗಾಡಿ ನಿಂತಿತು. ಬಗ್ಗಿ ನೋಡಿದೆ.

"ತಾತ ಹೆಂಗವ್ರಪ್ಪ?" ಅಂತ ಕೇಳಿದೆ.

"ಇವತ್ತು ಗಂಜಿ ಕುಡುದ್ರು" ಅಂದ.

ಬುಕ್ ತೆಗೆದು ಅವರ ಹೆಸರು ಬರೆದೆ. ಅದರ ಮುಂದೆ 28 ಅಂತ ಬರೆದೆ.